ಇಲಿಗೆ ಗುಣವಾದ ರೋಗ

ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋದವರು ರಾಮೇಶ್ವರಸ್ವಾಮಿಯ ದರ್ಶನ ಮಾಡಿಕೊಂಡು, ಕಾವೇರಿಯ ವಹ್ನಿಪುಷ್ಕರಿಣಿಯ ಮೀನುಗಳಿಗೆ ಪುರಿ ಎರಚದೆ ಹಿಂದಿರುಗುವುದು ಅಪರೂಪ. ದೇವರ ಮೀನುಗಳೆಂದು ಅವುಗಳನ್ನು ಕಾಪಾಡಿಕೊಂಡು ಬಂದಿರುವ ಆ ಊರಿನ ವಾಚಕರೊಬ್ಬರು ಕಾಗದ ಬರೆದಿದ್ದಾರೆ. ಅವರ ತೀರ್ಥರೂಪರಿಗೆ ಪ್ರಾಸ್ಟೇಟ್ ಗ್ರಂಥಿಯ ಅರ್ಬುದರೋಗ, ಅಂದರೆ ಕ್ಯಾನ್ಸರ್. ಮೂರು ತಿಂಗಳಿಗೊಮ್ಮೆ ಚುಚ್ಚುಮದ್ದು ನಡೆಯುತ್ತಿದೆ. ಅದರಿಂದ ಮೈ ಬಿಸಿಯೇರುವುದೂ ಆಯಾಸವೂ ಹೆಚ್ಚಾಗಿ ಅವರು ಬೇಸತ್ತಿದ್ದಾರೆ. ಇಲಿಗಳಲ್ಲಿ ಈ ರೋಗವನ್ನು ಗುಣಪಡಿಸಿದರೆಂದು ಎಲ್ಲಿಯೋ ಓದಿ, ಆ ಔಷಧಿ ಬರುವವರೆಗೆ ಚುಚ್ಚುಮದ್ದು ಬೇಡವೆನ್ನುತ್ತಾರಂತೆ. ಅದು ಸರಿಯೆ? ಮೂಕಪ್ರಾಣಿಗೆ ಬೇಕೆಂದೇ ರೋಗ ತರಿಸುವುದಾದರೂ ಸರಿಯೆ?

ಮೊದಲು ಇಲಿಯ ಸಂಗತಿ. ಈ ಗ್ರಂಥಿಯ ಅರ್ಬುದವು ಮನುಷ್ಯನಿಗೆ ಬರುತ್ತದೆ, ನಾಯಿಗೂ ಬರುತ್ತದೆ. ಇಲಿಗೆ ತಾನಾಗಿ ಬರುವುದಿಲ್ಲವೆಂದೇ ಹೇಳಬಹುದು. ಆದುದರಿಂದ ರೋಗವನ್ನು ಅದರ ಹುಟ್ಟಿನಲ್ಲಿಯೇ ಕೂಡಿಸಬೇಕಾಯಿತು. 1995ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಬೇಲರ್ ವೈದ್ಯಕಾಲೇಜಿನಲ್ಲಿ ನಾರ್ಮನ್ ಗ್ರೀನ್‌ಬರ್ಗ್ ಎಂಬವರೂ ಅವರ ಸಂಗಡಿಗರೂ, ಜೀವಕೋಶದ ಬೆಳವಣಿಗೆಯ ಕಡಿವಾಣವನ್ನು ಕಳಚುವ ಒಂದು ವೈರಸ್ಸಿನ ವಂಶವಾಹಿಯನ್ನು ಇಲಿಯ ಭ್ರೂಣಕ್ಕೆ ಸೇರಿಸಿದರು. ಅದು ಮೈಯೆಲ್ಲ ಹರಡಬಾರದಷ್ಟೆ? ಅದಕ್ಕಾಗಿ, ಕೆರೆಯ ತೂಬು ಒಂದೇ ಗದ್ದೆಗೆ ನೀರು ಬಿಡುವಂತೆ, ಪ್ರಾಸ್ಟೇಟ್ ಗ್ರಂಥಿಯಲ್ಲಿ ಮಾತ್ರ ತೆರೆದುಕೊಳ್ಳುವ ಮತ್ತೊಂದು ತುಣುಕನ್ನು ಅದರ ಮುಂದೆ ಜೋಡಿಸಿದರು. ಈ ತೂಬು ಗಂಡು ಹಾರ್ಮೋನಿನಿಂದ ತೆರೆಯತಕ್ಕದ್ದು. ಇಲಿಯು ಪ್ರಾಯಕ್ಕೆ ಬಂದ ಮೇಲೆಯೇ ರೋಗ ತಲೆದೋರುತ್ತದೆ. ಮನುಷ್ಯನಲ್ಲಿ ಹಲವು ವರ್ಷ ತೆಗೆದುಕೊಳ್ಳುವ ನಡೆಯನ್ನು ಇಲ್ಲಿ ಕೆಲವೇ ತಿಂಗಳುಗಳಲ್ಲಿ ನೋಡಬಹುದು.

ಮನುಷ್ಯನ ರೋಗದಲ್ಲಿ ಆ ವೈರಸ್ಸಿನ ಕೈವಾಡವಿಲ್ಲವಲ್ಲ ಎಂಬ ಆಕ್ಷೇಪಣೆ ನ್ಯಾಯವಾದುದೇ. 2003ರಲ್ಲಿ ಲಾಸ್ ಏಂಜಲೀಸಿನಲ್ಲಿ ಹಾಂಗ್ ವು ಅವರ ತಂಡದವರು ಬೇರೆ ಹಾದಿ ಹಿಡಿದರು. ಅನೇಕ ರೋಗಿಗಳ ಗಡ್ಡೆಯಲ್ಲಿ ಪಿ-ಟೆನ್ ಎಂಬ ವಂಶವಾಹಿ ನಷ್ಟವಾಗಿರುತ್ತದೆ. ಅದನ್ನೇ ಇಲಿಯ ಆ ಗ್ರಂಥಿಯೊಂದರಲ್ಲಿ ತೆಗೆದುಹಾಕಿದರು. ಅರ್ಬುದ ಬಂದಿತು. ಆ ಇಲಿಗಳ ಗಂಡು ಹಾರ್ಮೋನನ್ನು ನಿಲ್ಲಿಸಿದಾಗ ಗಡ್ಡೆಯ ಕೋಶಗಳು ಸತ್ತವು, ಆದರೆ ಎಲ್ಲವೂ ಸಾಯಲಿಲ್ಲ. ಏಕೆ? 2011ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆಯವರು ಇಂಥವೇ ಇಲಿಗಳಿಂದ ಉತ್ತರ ತೆಗೆದರು: ಹಾರ್ಮೋನಿನ ಹಾದಿಯನ್ನು ಮುಚ್ಚಿದರೆ ಪಿ-ಟೆನ್ ಕಾಯುತ್ತಿದ್ದ ಹಾದಿ ಬಲವಾಗುತ್ತದೆ, ಅದನ್ನು ಮುಚ್ಚಿದರೆ ಇದು. ಎರಡನ್ನೂ ಒಟ್ಟಿಗೆ ಮುಚ್ಚಿದಾಗ ಇಲಿಯ ಗಡ್ಡೆ ಬಹುಮಟ್ಟಿಗೆ ಕರಗಿತು. ತೀರ್ಥರೂಪರು ಓದಿದ್ದು ಇಂಥ ಸುದ್ದಿಯನ್ನೇ ಇರಬೇಕು.

ಮುಂದೇನಾಯಿತೆಂಬುದನ್ನೂ ಓದಬೇಕಷ್ಟೆ. ಅದೇ ತತ್ತ್ವದ ಮೇಲೆ ಇಪಾಟಾಸೆರ್ಟಿಬ್ ಎಂಬ ಔಷಧಿಯನ್ನು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿ 2021ರಲ್ಲಿ ಫಲವನ್ನು ಪ್ರಕಟಿಸಿದರು. ಪಿ-ಟೆನ್ ನಷ್ಟವಾಗಿದ್ದವರಲ್ಲಿ ರೋಗವು ಮುಂದುವರಿಯದೆ ನಿಂತ ಅವಧಿ ಹಳೆಯ ಚಿಕಿತ್ಸೆಯಿಂದ 16.5 ತಿಂಗಳು, ಹೊಸದನ್ನು ಸೇರಿಸಿದಾಗ 18.5 ತಿಂಗಳು. ಇಲಿಯಲ್ಲಿ ಕರಗಿದ್ದು ಮನುಷ್ಯನಲ್ಲಿ ಎರಡು ತಿಂಗಳ ತಡೆಯಾಯಿತು! ಭೇದಿ, ಮೈಮೇಲೆ ಗಂಧೆ ಮೊದಲಾದ ಬಾಧೆಗಳೂ ಜೊತೆಗೆ ಬಂದವು. ಇದರಲ್ಲಿ ಮೋಸವೇನೂ ಇಲ್ಲ. ಇಲಿಯ ಗ್ರಂಥಿ ಬಿಡಿಬಿಡಿಯಾದ ಹಾಲೆಗಳುಳ್ಳದ್ದು, ನಮ್ಮದು ಒಂದೇ ಮುದ್ದೆ. ನಮ್ಮಲ್ಲಿ ಈ ರೋಗ ಮೂಳೆಗೆ ಇಳಿಯುವುದೇ ದೊಡ್ಡ ಭಯ. ಇಲಿಯಲ್ಲಿ ಮೂಳೆಗೆ ಹೋಗುವುದು ವಿರಳ. ಒಂದೇ ವಂಶದ, ಒಂದೇ ಆಹಾರ ತಿಂದ ಇಲಿಗಳಿಗೂ ಎಪ್ಪತ್ತು ವರ್ಷ ಬಾಳಿದ ಯಜಮಾನರಿಗೂ ಹೋಲಿಕೆ ಎಷ್ಟು ತಾನೇ ಸಾಧ್ಯ?

ಎರಡನೆಯ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ನನ್ನಲ್ಲಿಲ್ಲ. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಮೇರೆಗೆ ಇಂಥ ಪ್ರಯೋಗಗಳ ಮೇಲೆ ಸಮಿತಿಯ ಕಾವಲಿದೆ. ಸಂಸ್ಥೆಗಳು ಅನುಮತಿ ಪಡೆಯಬೇಕು, ಅನಾವಶ್ಯಕ ನೋವು ಕೊಡಕೂಡದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ವಂಶವಾಹಿ ಬದಲಾಯಿಸಿದ ಇಲಿಗಳಿವೆ. ಗಡ್ಡೆಯನ್ನು ಹೊತ್ತ ಇಲಿಯ ಸಂಕಟ ನಿಜವಾದದ್ದು. ಬೇರೆ ದಾರಿಯಿಲ್ಲದ ಕಡೆ ಮಾತ್ರ ಇದನ್ನು ಒಪ್ಪಬಹುದೆಂದು ನನಗೆ ತೋರುತ್ತದೆ. ವಿನಾಯಕನ ವಾಹನಕ್ಕೆ ಕೈಮುಗಿದು ಅದೇ ಸಂಜೆ ಮನೆಯಲ್ಲಿ ಇಲಿಬೋನು ಒಡ್ಡುವ ನಾವು ವಿಜ್ಞಾನಿಯೊಬ್ಬನನ್ನೇ ಕಟುಕನೆನ್ನುವುದು ಕಷ್ಟ.

ಇನ್ನು ಚುಚ್ಚುಮದ್ದು. ಗಂಡು ಹಾರ್ಮೋನನ್ನು ತಗ್ಗಿಸಿದರೆ ಈ ರೋಗ ಹಿಮ್ಮೆಟ್ಟುವುದೆಂದು 1941ರಲ್ಲಿ ಶಿಕಾಗೋ ನಗರದ ಚಾರ್ಲ್ಸ್ ಹಗಿನ್ಸ್ ಅವರು ರೋಗಿಗಳಲ್ಲಿಯೇ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ತೀರ್ಥರೂಪರು ಪಡೆಯುತ್ತಿರುವುದು ಆ ವಿದ್ಯೆಯ ಫಲವನ್ನೇ. ಮೇಲೆ ಹೇಳಿದ ಹೊಸ ಔಷಧಿಯ ಪರೀಕ್ಷೆಯಲ್ಲಿಯೂ ಹಾರ್ಮೋನ್ ತಗ್ಗಿಸುವ ಚಿಕಿತ್ಸೆಯನ್ನು ಯಾರಿಗೂ ನಿಲ್ಲಿಸಿರಲಿಲ್ಲ. ಅದರ ಮೇಲೆ ಇದನ್ನು ಕೂಡಿಸಿದ್ದರು. ಆದಕಾರಣ ಹೊಸದಕ್ಕಾಗಿ ಹಳೆಯದನ್ನು ಬಿಟ್ಟು ಕಾಯುವ ಮಾತೇ ಏಳುವುದಿಲ್ಲ. ಮೈಬಿಸಿ, ಆಯಾಸಗಳಿಗೆ ಉಪಶಮನವುಂಟು. ಮೂಳೆ ಸವೆಯದಂತೆ ನೋಡಿಕೊಳ್ಳಬೇಕು. ದಿನವೂ ಹೊಳೆಯ ದಂಡೆಯ ಮೇಲೆ ನಡೆದಾಡುವುದು ಆಯಾಸಕ್ಕೂ ಒಳ್ಳೆಯದು. ಕೆಲವರಿಗೆ ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯನ್ನು ನೋಡಿಕೊಂಡು ನಡುನಡುವೆ ಬಿಡುವು ಕೊಡುವುದೂ ಇದೆ, ಆದರೆ ಅದನ್ನು ನಿರ್ಧರಿಸತಕ್ಕವರು ವೈದ್ಯರು. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಾಗಲಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಾಗಲಿ, ಮುಂದಿನ ಚುಚ್ಚುಮದ್ದಿನ ದಿನ ತಪ್ಪುವ ಮೊದಲೇ ಅವರನ್ನು ಕರೆದುಕೊಂಡು ಹೋಗಿ ಈ ಬಾಧೆಗಳನ್ನು ಅವರ ಬಾಯಿಂದಲೇ ಹೇಳಿಸಿರಿ.