ಈರುಳ್ಳಿಗಿರುವ ಲೆಕ್ಕ ಹಣ್ಣಿಗೇಕಿಲ್ಲ?

ಈರುಳ್ಳಿಯ ಬೆಲೆ ಏರಿದರೆ ದೆಹಲಿ ನಡುಗುತ್ತದೆ. 1998ರ ವಿಧಾನಸಭಾ ಚುನಾವಣೆಯಲ್ಲಿ ದೆಹಲಿಯ ಆಡಳಿತ ಪಕ್ಷವು ಅಧಿಕಾರ ಕಳಕೊಂಡಾಗ ಈರುಳ್ಳಿಯೂ ಅದಕ್ಕೊಂದು ಕಾರಣವೆಂದು ವಿಶ್ಲೇಷಿಸಲಾಗಿತ್ತು. ಕೇಂದ್ರ ಸರಕಾರವು ಬೆಲೆ ನಿಗಾ ಘಟಕವನ್ನು ಸ್ಥಾಪಿಸಿದ್ದೂ ಅದೇ ವರ್ಷ. ಆದರೆ ಬಾಳೆಹಣ್ಣು ದುಬಾರಿಯಾಯಿತೆಂದು ಯಾವನೇ ಮಂತ್ರಿ ಕುರ್ಚಿ ಕಳಕೊಂಡದ್ದನ್ನು ನಾವು ಕೇಳಿಲ್ಲ.

ಆ ಘಟಕದ ಪಟ್ಟಿಯು 14 ವಸ್ತುಗಳಿಂದ ಆರಂಭವಾಗಿ 22ಕ್ಕೆ ಬೆಳೆಯಿತು. ಅಕ್ಕಿ, ಗೋಧಿ, ಬೇಳೆ, ಎಣ್ಣೆ, ಸಕ್ಕರೆ, ಹಾಲು, ಚಹಾ, ಉಪ್ಪು ಎಲ್ಲವೂ ಅದರಲ್ಲಿದ್ದುವು. ವೈದ್ಯರು ದೂರವಿಡಿ ಎನ್ನುವ ವನಸ್ಪತಿಯೂ ಇತ್ತು. ಹಣ್ಣು ಮಾತ್ರ ಒಂದೂ ಇರಲಿಲ್ಲ. 2024ರ ಆಗಸ್ಟ್ 1ರಿಂದ ಇನ್ನೂ 16 ವಸ್ತುಗಳನ್ನು ಸೇರಿಸಿ ಪಟ್ಟಿಯನ್ನು 38ಕ್ಕೆ ಏರಿಸಿದಾಗ ಬಾಳೆಹಣ್ಣಿಗೆ ಪ್ರವೇಶ ದೊರೆಯಿತು. ಇಪ್ಪತ್ತಾರು ವರ್ಷಗಳ ಬಳಿಕ ಒಂದೇ ಒಂದು ಹಣ್ಣು!

ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಹಣ್ಣುಗಳಿವೆಯಲ್ಲ ಎಂದು ಕೇಳಬಹುದು. ಇವೆ. 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ಸರಣಿಯಲ್ಲಿ ಅವುಗಳ ಪಾಲು ನೂರರಲ್ಲಿ ಮೂರಕ್ಕಿಂತಲೂ ಕಡಿಮೆಯಿತ್ತು. ಆ ಸೂಚ್ಯಂಕ ತಿಂಗಳಿಗೊಮ್ಮೆ ಬರುತ್ತದೆ, ಹಣ್ಣೋ ಮೂರು ದಿನಗಳಲ್ಲಿ ಕೊಳೆಯುತ್ತದೆ. ವರಮಹಾಲಕ್ಷ್ಮಿ ಹಬ್ಬದ ಮುನ್ನಾ ದಿನ ಬೆಂಗಳೂರಿನಲ್ಲಿ ಏಲಕ್ಕಿ ಬಾಳೆಯ ದರ ಎಲ್ಲಿಗೇರುತ್ತದೆ, ರಮಝಾನ್‌ನ ಮೊದಲ ವಾರದಲ್ಲಿ ಕಲ್ಲಂಗಡಿಯ ದರ ಏನಾಗುತ್ತದೆ ಎಂಬುದನ್ನು ತಿಂಗಳ ಸರಾಸರಿಯು ನುಂಗಿ ಹಾಕುತ್ತದೆ. ಇಫ್ತಾರ್‌ಗೆಂದು ಒಂದು ಹೋಳು ಹಣ್ಣು ಕೊಳ್ಳಬೇಕಾದ ಕೂಲಿಕಾರನಿಗೆ ಸರಾಸರಿಯಿಂದೇನು ಪ್ರಯೋಜನ?

ಹಣ್ಣಿನ ಬೆಲೆಯನ್ನು ಗುರುತಿಸುವುದು ಸುಲಭವಲ್ಲ ಎಂಬುದನ್ನೂ ನಾವು ಒಪ್ಪಬೇಕು. ಅಕ್ಕಿಯಂತೆ ಅದಕ್ಕೆ ಸ್ಥಿರವಾದ ದರ್ಜೆಯಿಲ್ಲ. ಬಾಳೆ ಒಂದೆಡೆ ಡಜನ್ ಲೆಕ್ಕದಲ್ಲಿ, ಇನ್ನೊಂದೆಡೆ ಕಿಲೋ ಲೆಕ್ಕದಲ್ಲಿ. ಅನಾನಸನ್ನು ಒಬ್ಬ ಇಡಿಯಾಗಿ ಮಾರುತ್ತಾನೆ, ಇನ್ನೊಬ್ಬ ಹೆಚ್ಚಿ ತಟ್ಟೆಯಲ್ಲಿಟ್ಟು ಮಾರುತ್ತಾನೆ. ಬೆಳಗ್ಗಿನ ದರ ಸಂಜೆ ಇರುವುದಿಲ್ಲ. ತಳ್ಳುಗಾಡಿಯವನು ಕತ್ತಲಾಗುವಾಗ ಮೆತ್ತಗಾದ ಹಣ್ಣನ್ನು ಕೇಳಿದ ಬೆಲೆಗೆ ಕೊಟ್ಟು ಬಿಡುತ್ತಾನೆ, ಬಡವರ ಮನೆಗೆ ತಲುಪುವುದು ಹೆಚ್ಚಾಗಿ ಆ ಹಣ್ಣೇ. ಹವಾನಿಯಂತ್ರಿತ ಮಳಿಗೆಯಲ್ಲಿ ನಿಂತು ದರ ಬರಕೊಳ್ಳುವ ಸಿಬ್ಬಂದಿಗೆ ಈ ವ್ಯಾಪಾರ ಕಾಣಿಸುವುದೇ ಇಲ್ಲ.

ಬೆಲೆ ಏರಿದಾಗ ನಾವು ಮೊದಲು ಶಪಿಸುವುದು ಈ ತಳ್ಳುಗಾಡಿಯವನನ್ನೇ. ಎರಡನೆಯದಾಗಿ ರೈತನಿಗೆ ಒಳ್ಳೆಯ ಕಾಲ ಬಂತೆಂದು ಭಾವಿಸುತ್ತೇವೆ. ಎರಡೂ ಆತುರದ ತೀರ್ಮಾನಗಳು. ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ಬಾಳೆ ಬೆಳೆದವನಿಗೆ ಸುಮಾರು 31 ಪೈಸೆ, ದ್ರಾಕ್ಷಿ ಬೆಳೆದವನಿಗೆ 35 ಪೈಸೆ, ಮಾವು ಬೆಳೆದವನಿಗೆ 43 ಪೈಸೆ ಮಾತ್ರ ಸಿಗುತ್ತದೆಂದು 2024ರಲ್ಲಿ ಪ್ರಕಟವಾದ ರಿಸರ್ವ್ ಬ್ಯಾಂಕಿನ ಅಧ್ಯಯನ ಪ್ರಬಂಧವೊಂದು ಅಂದಾಜಿಸಿದೆ. ಉಳಿದುದು ಕಮಿಷನ್, ಸಾಗಾಟ, ಹಮಾಲಿ, ಕೊಳೆತ ನಷ್ಟ ಮತ್ತು ಲಾಭದ ನಡುವೆ ಹೇಗೆ ಹಂಚಿ ಹೋಗುತ್ತದೆಂಬುದು ಚಿಲ್ಲರೆ ದರ ಮತ್ತು ಸಗಟು ದರಗಳನ್ನು ದಿನವೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ತಿಳಿದೀತು.

ಲೆಕ್ಕವಿದ್ದಲ್ಲಿ ಸರಕಾರವು ಕೈ ಹಾಕುತ್ತದೆ. 2023ರ ಜುಲೈಯಲ್ಲಿ ಟೊಮೆಟೊ ಗಗನಕ್ಕೇರಿದಾಗ ಕೇಂದ್ರವು ಸಹಕಾರಿ ಸಂಸ್ಥೆಗಳ ಮೂಲಕ ಅದನ್ನು ಖರೀದಿಸಿ ಮೊದಲು ಕಿಲೋಗೆ 90 ರೂಪಾಯಿಗೆ, ಬಳಿಕ 80ಕ್ಕೆ, ಆಮೇಲೆ 70ಕ್ಕೆ ಮಾರಿತು. ಹಣ್ಣಿಗೆ ಅಂಥ ಭಾಗ್ಯವಿಲ್ಲ. ಯಾಕೆಂದರೆ ನಮ್ಮ ಆಳುವವರ ದೃಷ್ಟಿಯಲ್ಲಿ ಅದಿನ್ನೂ ರೋಗಿಯನ್ನು ನೋಡಲು ಹೋಗುವಾಗ ಒಯ್ಯುವ ವಸ್ತು. ದಿನಕ್ಕೆ 100 ಗ್ರಾಂ ಹಣ್ಣು ತಿನ್ನಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಐದು ಮಂದಿಯ ಕುಟುಂಬಕ್ಕೆ ದಿನಕ್ಕೆ ಅರ್ಧ ಕಿಲೋ, ತಿಂಗಳಿಗೆ 15 ಕಿಲೋ. ಗಾರೆ ಕೆಲಸದವನ ಕೂಲಿಯ ಮುಂದೆ ಈ 15 ಕಿಲೋವನ್ನಿಟ್ಟು ಯಾವ ಇಲಾಖೆ ಲೆಕ್ಕ ಹಾಕಿದೆ?

ಕರ್ನಾಟಕದಲ್ಲಿ ಇದಕ್ಕೊಂದು ತಳಪಾಯವಿದೆ. 1959ರಲ್ಲಿ ಡಾ. ಮರಿಗೌಡರ ಮುತುವರ್ಜಿಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರಿ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್, ಪ್ರತಿದಿನ ತನ್ನ ದರಪಟ್ಟಿ ಪ್ರಕಟಿಸುತ್ತದೆ. ಅಲ್ಲಿ ಕೊಳ್ಳದವನೂ ಆ ದರ ನೋಡಿ ಬೀದಿಯಲ್ಲಿ ಚೌಕಾಶಿ ಮಾಡಬಲ್ಲ. ಇಂಥದ್ದೊಂದು ಹಲಗೆ ಪ್ರತಿ ನಗರಸಭೆಯ ಮಾರುಕಟ್ಟೆಯ ಬಾಗಿಲಲ್ಲಿ ಇರಲಿ. ಐದಾರು ಹಣ್ಣುಗಳ ಆ ದಿನದ ಸಗಟು ದರವನ್ನೂ ಚಿಲ್ಲರೆ ದರವನ್ನೂ ಸೀಮೆಸುಣ್ಣದಲ್ಲಿ ಬರೆಯಲು ಒಬ್ಬ ಗುಮಾಸ್ತ ಸಾಕು, ಅವನು ತಳ್ಳುಗಾಡಿಗಳ ಬಳಿಗೂ ಹೋಗಬೇಕು, ಸಂಜೆಯೂ ಹೋಗಬೇಕು.