ನಾಟಾ ಎಳೆಯುವ ಉಕ್ಕಿನ ಹಗ್ಗ: ಹರಿಯುವ ತನಕ ಕಾಯಬೇಡಿ

ಕಾಫಿ ಕುಯ್ಲು ಮುಗಿದು ಮುಂಗಾರು ಹಿಡಿಯುವುದರೊಳಗೆ ತೋಟದ ಸಿಲ್ವರ್ ಓಕ್ ಮರಗಳನ್ನು ಕಡಿಸಿ, ದಿಮ್ಮಿಗಳನ್ನು ರಸ್ತೆಗೆ ತರಿಸುವ ಕೆಲಸ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬೆಳೆಗಾರರಿಗೆ ಹೊಸದಲ್ಲ. ಹಿಂದೆ ಮಲೆನಾಡಿನ ನಾಟಾ ಆನೆಯ ಬಲದಿಂದ, ಎತ್ತಿನ ಬಲದಿಂದ, ಇಲ್ಲವೆ ಹತ್ತಾರು ಆಳುಗಳ ತೋಳ್ಬಲದಿಂದ ಹೊರಬರುತ್ತಿತ್ತು. ಈಗ ಟ್ರ್ಯಾಕ್ಟರಿನ ಹಿಂಬದಿಗೆ ಕೂರಿಸಿ, ಅದರ ಪಿ.ಟಿ.ಓ. ದಂಡದಿಂದ ತಿರುಗಿಸುವ ವಿಂಚು ಅದೇ ಕೆಲಸವನ್ನು ಮಾಡಬಲ್ಲದು. ಹಳ್ಳದ ತಳದಲ್ಲಿ ಬಿದ್ದ ದಿಮ್ಮಿಯನ್ನು ಟ್ರ್ಯಾಕ್ಟರ್ ಇಳಿಯಲಾಗದ ಜಾಗದಿಂದಲೂ ಮೇಲಕ್ಕೆ ಎಳೆದು ತರುವುದು ಇದರ ದೊಡ್ಡ ಅನುಕೂಲ.

ಆದರೆ ವಿಂಚು ಕೊಳ್ಳುವಾಗ ಅಥವಾ ಬಾಡಿಗೆಗೆ ಕರೆಸುವಾಗ ನಾವು ಕೇಳುವ ಪ್ರಶ್ನೆಗಳು ಯಾವುವು? ಟ್ರ್ಯಾಕ್ಟರಿನ ಅಶ್ವಶಕ್ತಿ ಎಷ್ಟು, ಗಂಟೆಗೆ ಬಾಡಿಗೆ ಎಷ್ಟು, ದಿನಕ್ಕೆ ಎಷ್ಟು ದಿಮ್ಮಿ ಬರುತ್ತದೆ. ಡ್ರಮ್ಮಿನ ಮೇಲೆ ಸುತ್ತಿರುವ ಹಗ್ಗ ಯಾವುದು, ಅದು ಯಾವ ಸ್ಥಿತಿಯಲ್ಲಿದೆ ಎಂದು ಕೇಳುವವರು ವಿರಳ. ಹಗ್ಗವನ್ನು ಯಂತ್ರದ ಒಂದು ಭಾಗವೆಂದು ತಿಳಿದು, ಯಂತ್ರ ಇರುವವರೆಗೂ ಅದು ಇರಬೇಕೆಂದು ನಿರೀಕ್ಷಿಸುತ್ತೇವೆ. ಇದು ತಪ್ಪು ಲೆಕ್ಕವೆಂಬುದು ನನ್ನ ಅಭಿಪ್ರಾಯ. ಡೀಸೆಲ್ಲಿನ ಹಾಗೆ, ಗೊಬ್ಬರದ ಹಾಗೆ ಹಗ್ಗವೂ ಖರ್ಚಾಗುವ ಸಾಮಗ್ರಿ. ಕೆಲಸ ಆರಂಭಿಸುವ ಮೊದಲೇ ಅದರ ವೆಚ್ಚವನ್ನು ನಾಟಾದ ಬೆಲೆಯಲ್ಲಿ ಮುರಿದುಕೊಂಡಿರಬೇಕು. ಹಾಗೆ ಮಾಡದವನು ಹಗ್ಗ ಹರಿಯುವ ದಿನದವರೆಗೂ ಅದನ್ನೇ ದುಡಿಸುತ್ತಾನೆ. ಹಗ್ಗಕ್ಕೆ ಹಣ ಕೊಡುವವರು ಒಬ್ಬರು, ಅದರ ಪಕ್ಕದಲ್ಲಿ ನಿಂತು ದಿಮ್ಮಿಗೆ ಕೊಂಡಿ ಹಾಕುವವರು ಇನ್ನೊಬ್ಬರು ಎಂಬುದನ್ನು ಇಲ್ಲಿ ಮರೆಯಲಾಗದು.

ಮೊದಲು ಆಯ್ಕೆಯ ವಿಷಯ. ಎಷ್ಟು ದಪ್ಪದ ಹಗ್ಗ ಬೇಕು ಎಂದು ನಿರ್ಧರಿಸಲು ಬಹಳ ಮಂದಿ ದಿಮ್ಮಿಯ ತೂಕವನ್ನು ನೋಡುತ್ತಾರೆ. ಒಂದು ಉದಾಹರಣೆ ತೆಗೆದುಕೊಳ್ಳಿ. ನಡುವಿನ ಸುತ್ತಳತೆ 120 ಸೆಂ.ಮೀ., ಉದ್ದ 6 ಮೀಟರ್ ಇರುವ ದಿಮ್ಮಿ. ವ್ಯಾಪಾರಿಯ ಕಾಲು ಸುತ್ತಳತೆಯ ಲೆಕ್ಕದಲ್ಲಿ ಅದು 0.54 ಘನ ಮೀಟರ್ ಆಗುತ್ತದೆ. ನಿಜವಾದ ಗಾತ್ರ ಸುಮಾರು 0.69 ಘನ ಮೀಟರ್. (ನಿಮಗೆ ಹಣ ಬರುವುದು ಕಾಲು ಸುತ್ತಳತೆಯಲ್ಲಾದರೂ ಹಗ್ಗಕ್ಕೆ ಭಾರ ಬೀಳುವುದು ನಿಜ ಗಾತ್ರದಲ್ಲಿ!) ಹಸಿ ಮರವನ್ನು ಘನ ಮೀಟರಿಗೆ ಒಂದು ಟನ್ ಎಂದೇ ಹಿಡಿದರೂ ತೂಕ 700 ಕಿಲೋ. 10 ಮಿ.ಮೀ. ಹಗ್ಗ ಹರಿಯಲು ಆರು ಟನ್ನಿನಷ್ಟು ಎಳೆತ ಬೇಕು. ಹಾಗಾದರೆ ಇನ್ನೂ ಸಣ್ಣ ಹಗ್ಗ ಸಾಕಲ್ಲವೆ ಎನಿಸುವುದು ಸಹಜ.

ಸಾಲದು. ಎಳೆಯುವ ದಿಮ್ಮಿಯ ಮೂತಿ ದಾರಿಯಲ್ಲಿ ಒಂದು ಬೊಡ್ಡೆಗೋ ಬಂಡೆಗೋ ತಗುಲಿ ನಿಂತಿತೆಂದು ಇಟ್ಟುಕೊಳ್ಳಿ. ಆಗ ಹಗ್ಗದ ಮೇಲೆ ಬೀಳುವುದು ದಿಮ್ಮಿಯ ತೂಕವಲ್ಲ, ವಿಂಚಿನ ಸಂಪೂರ್ಣ ಬಲ. ಸಡಿಲ ಬಿಟ್ಟ ಹಗ್ಗವನ್ನು ಚಾಲಕ ಝಾಡಿಸಿ ಎಳೆದರೆ ಕ್ಷಣಮಾತ್ರ ಅದಕ್ಕೂ ಹೆಚ್ಚು. ಆದ್ದರಿಂದ ಹಗ್ಗವನ್ನು ದಿಮ್ಮಿಗೆ ತಕ್ಕಂತೆ ಅಲ್ಲ, ವಿಂಚಿಗೆ ತಕ್ಕಂತೆ ಆರಿಸಬೇಕು. ವಿಂಚಿನ ಗರಿಷ್ಠ ಎಳೆತದ ಎರಡು ಪಟ್ಟಾದರೂ ಹಗ್ಗದ ಹರಿಯುವ ಬಲ ಇರಬೇಕೆಂಬುದು ನಾಟಾ ವಿಂಚುಗಳಿಗೆ ಒಪ್ಪಿತವಾದ ನಿಯಮ. ಈ ಗರಿಷ್ಠ ಎಳೆತವನ್ನು ಡ್ರಮ್ಮಿನ ಮೊದಲ ಪದರದ್ದೆಂದು ಹಿಡಿಯಬೇಕು. ಹಗ್ಗ ಪೂರ್ತಿ ಸುತ್ತಿಕೊಂಡು ಡ್ರಮ್ಮು ದಪ್ಪವಾದಾಗ ಅದೇ ವಿಂಚಿನ ಎಳೆತ ಕಡಿಮೆಯಾಗುತ್ತದೆ. ಹಗ್ಗ ಬಹುಪಾಲು ಹೊರಗಿದ್ದಾಗ ಅತಿ ಹೆಚ್ಚು.

ಹೀಗೆ ನೋಡಿದರೆ ಮೂರು ಟನ್ ಎಳೆಯುವ ವಿಂಚಿಗೆ ಆರು ಟನ್ ತಾಳುವ ಹಗ್ಗ ಬೇಕು. 1770 ದರ್ಜೆಯ ತಂತಿಯಿಂದ ಮಾಡಿದ 10 ಮಿ.ಮೀ. ಹಗ್ಗಕ್ಕೆ ನಾರಿನ ತಿರುಳಿದ್ದರೆ ಅದು ಹರಿಯುವುದು ಸುಮಾರು 5.9 ಟನ್ನಿಗೆ, ಉಕ್ಕಿನ ತಿರುಳಿದ್ದರೆ ಸುಮಾರು 6.4 ಟನ್ನಿಗೆ. ನಾರಿನದು ಕೂದಲೆಳೆಯಷ್ಟು ಕಡಿಮೆ ಬಿತ್ತು, ಉಕ್ಕಿನದು ದಾಟಿತು. ನಾಲ್ಕು ಟನ್ನಿನ ವಿಂಚಿಗೆ 12 ಮಿ.ಮೀ. ಬೇಕು, ನಾರಿನ ತಿರುಳಿನದು ಸುಮಾರು 8.6 ಟನ್, ಉಕ್ಕಿನ ತಿರುಳಿನದು ಸುಮಾರು 9.2 ಟನ್ ತಾಳುತ್ತದೆ. ಎರಡೇ ಮಿ.ಮೀ. ದಪ್ಪಕ್ಕೆ ಇಷ್ಟು ವ್ಯತ್ಯಾಸವೇ ಎಂದು ಆಶ್ಚರ್ಯಪಡಬೇಡಿ. ಬಲ ಹೆಚ್ಚುವುದು ವ್ಯಾಸದ ವರ್ಗದಂತೆ.

ಹಾಗೆಂದು ಇನ್ನೂ ದಪ್ಪದ್ದು ಹಾಕಿಬಿಡೋಣ ಎಂಬ ಆಲೋಚನೆಯೂ ಸರಿಯಲ್ಲ. ಸಣ್ಣ ಡ್ರಮ್ಮಿಗೆ ದಪ್ಪ ಹಗ್ಗ ಸುತ್ತಿದರೆ ಅದು ಬಲವಂತವಾಗಿ ಬಾಗಿ, ಒಳಗಿನ ತಂತಿಗಳು ಬೇಗ ದಣಿದು ತುಂಡಾಗುತ್ತವೆ. ಡ್ರಮ್ಮಿನಲ್ಲಿ ಹಿಡಿಯುವ ಉದ್ದವೂ ತಗ್ಗುತ್ತದೆ. ವಿಂಚು ತಯಾರಿಸಿದವರು ಕೈಪಿಡಿಯಲ್ಲಿ ಯಾವ ವ್ಯಾಸ ಹೇಳಿದ್ದಾರೋ ಅದನ್ನು ಬಿಟ್ಟು ಆಚೀಚೆ ಹೋಗದಿರುವುದು ಲೇಸು.

ಅಂಗಡಿಯಲ್ಲಿ 6×19, 6×36 ಎಂಬ ಅಂಕಿಗಳನ್ನು ಕೇಳುತ್ತೀರಿ. ಮೊದಲ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಒಂದೊಂದು ಎಳೆಯಲ್ಲಿರುವ ತಂತಿಗಳ ಸಂಖ್ಯೆ. ತಂತಿ ಹೆಚ್ಚಾದಷ್ಟೂ ಹಗ್ಗ ಮೆತ್ತಗೆ ಬಾಗುತ್ತದೆ, ಆದರೆ ಒಂದೊಂದು ತಂತಿಯೂ ಸಣ್ಣದಾಗುವುದರಿಂದ ಕಲ್ಲುಮಣ್ಣಿನಲ್ಲಿ ಉಜ್ಜಿದಾಗ ಬೇಗ ಸವೆಯುತ್ತದೆ. ನೆಲದ ಮೇಲೆ ಎಳೆಯುವ ನಮ್ಮ ಕೆಲಸಕ್ಕೆ 6×19 ಜಾತಿಯದೇ ಒಗ್ಗುತ್ತದೆ. ತಿರುಳು ಉಕ್ಕಿನದೇ ಇರಲಿ. ನಾರಿನ ತಿರುಳಿನ ಹಗ್ಗ ಅಗ್ಗ, ಬಾಗುವುದೂ ಸುಲಭ. ಆದರೆ ಡ್ರಮ್ಮಿನ ಮೇಲೆ ಪದರದ ಮೇಲೆ ಪದರ ಬಿಗಿದು ಕುಳಿತಾಗ ಅದು ಚಪ್ಪಟೆಯಾಗುತ್ತದೆ, ಎಣ್ಣೆ ಆರಿದ ಮೇಲೆ ಮಲೆನಾಡಿನ ಮಳೆಯ ನೀರನ್ನು ಹೀರಿಕೊಂಡು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಹೊರಗೆ ಹೊಳೆಯುವ ಹಗ್ಗ ಒಳಗೆ ಕೆಂಪು ಹುಡಿಯಾಗಿರುವುದು ಹೀಗೆಯೇ. ಐ.ಎಸ್. 2266 ಗುಣಮಟ್ಟಕ್ಕೆ ಒಳಪಟ್ಟ ಹಗ್ಗವನ್ನೇ ಕೇಳಿ, ತಯಾರಕರ ಪರೀಕ್ಷಾ ಪತ್ರವನ್ನೂ ಕೇಳಿ ಪಡೆಯಿರಿ.

ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುವ ಹಳೆಯ ಹಗ್ಗದ ವಿಷಯದಲ್ಲಿ ನಾನು ರಾಜಿಗೆ ಸಿದ್ಧನಿಲ್ಲ. ಲಿಫ್ಟಿನಿಂದಲೋ ಕ್ರೇನಿನಿಂದಲೋ ಬಿಚ್ಚಿ ಬಿಸಾಡಿದ ಹಗ್ಗ ಅಲ್ಲಿಗೆ ಬಂದಿರುವುದೇ ಅದು ಇನ್ನು ನಂಬಿಕೆಗೆ ಅರ್ಹವಲ್ಲವೆಂದು ಯಾರೋ ತಿಳಿದವರು ತೀರ್ಮಾನಿಸಿದ್ದರಿಂದ. ಅವರು ಒಂದು ಪೆಟ್ಟಿಗೆ ಎತ್ತಲು ನಂಬದ ಹಗ್ಗವನ್ನು ನಾವು ಇಳಿಜಾರಿನಲ್ಲಿ ದಿಮ್ಮಿ ಎಳೆಯಲು ನಂಬುವುದೆಂದರೇನು?

ಪ್ಲಾಸ್ಟಿಕ್ ಜಾತಿಯ ಕೃತಕ ನೂಲಿನ ಹಗ್ಗಗಳೂ ಈಗ ಸಿಗುತ್ತವೆ. ಅಷ್ಟೇ ದಪ್ಪದ ಉಕ್ಕಿನ ಹಗ್ಗದಷ್ಟೇ ಬಲ, ತೂಕ ಮಾತ್ರ ಸುಮಾರು ಏಳನೆಯ ಒಂದು ಪಾಲು. 12 ಮಿ.ಮೀ. ಉಕ್ಕಿನ ಹಗ್ಗ 50 ಮೀಟರಿಗೆ 30 ಕಿಲೋ ಹತ್ತಿರ ತೂಗುತ್ತದೆ. ಅದನ್ನು ಹಳ್ಳಕ್ಕೆ ಎಳೆದುಕೊಂಡು ಇಳಿಯುವ ಆಳಿಗೆ ಇದರ ಬೆಲೆ ಗೊತ್ತು. ಹರಿದರೂ ಉಕ್ಕಿನಷ್ಟು ಭೀಕರವಾಗಿ ಬಡಿಯುವುದಿಲ್ಲ. ಆದರೆ ಚೂಪು ಕಲ್ಲು, ಮರಳು, ಬಿಸಿ ಇವು ಮೂರೂ ಇದಕ್ಕೆ ಶತ್ರು. ಕಲ್ಲಿಲ್ಲದ ತೋಟ, ಜಾಗರೂಕ ಚಾಲಕ ಇದ್ದರೆ ಯೋಚಿಸಬಹುದು. ನಮ್ಮ ಬಹುಪಾಲು ತೋಟಗಳಿಗೆ ಉಕ್ಕೇ ಸರಿ.

ಹೊಸ ಹಗ್ಗ ಕೆಡುವುದು ಬಹುಮಟ್ಟಿಗೆ ಮೊದಲ ದಿನವೇ. ಸುರುಳಿಯನ್ನು ನೆಲದ ಮೇಲೆ ಮಲಗಿಸಿ ಒಂದು ತುದಿ ಹಿಡಿದು ಎಳೆದರೆ ಸುತ್ತು ಸುತ್ತಿಗೂ ಮುರಿ ಬೀಳುತ್ತದೆ. ಒಮ್ಮೆ ಬಿಗಿದ ಮುರಿಯನ್ನು ಬಡಿದು ನೆಟ್ಟಗೆ ಮಾಡಿದರೂ ಆ ಜಾಗದ ಬಲ ಹಿಂದಿರುಗುವುದಿಲ್ಲ. ಚಕ್ರದಂತೆ ಉರುಳಿಸಿ ಬಿಚ್ಚಬೇಕು. ನಂತರ ಒಂದು ದಿಮ್ಮಿಯ ಭಾರ ಕೊಟ್ಟು ಬಿಗಿಯಾಗಿ, ಪಕ್ಕಪಕ್ಕದಲ್ಲೇ ಸುತ್ತು ಕೂರುವಂತೆ ಡ್ರಮ್ಮಿಗೆ ಸುತ್ತಬೇಕು. ಎಳೆಯುವಾಗ ಡ್ರಮ್ಮಿನ ಮೇಲೆ ಕಡೇ ಪಕ್ಷ ಮೂರು ಸುತ್ತು ಸದಾ ಉಳಿದಿರಲಿ.

ತುದಿಯ ಕುಣಿಕೆಯನ್ನು ಗಂಟು ಹಾಕಿ ಮಾಡುವ ಪದ್ಧತಿ ಇನ್ನೂ ಕಾಣುತ್ತದೆ. ಗಂಟು ಹಗ್ಗದ ಬಲವನ್ನು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಕುಣಿಕೆಯೊಳಗೆ ತಿಂಬಲ್ ಕೂರಿಸಿ ಮೂರು ಕ್ಲಿಪ್ಪುಗಳಿಂದ ಬಿಗಿಯಿರಿ. ಎರಡು ಕ್ಲಿಪ್ಪುಗಳ ನಡುವೆ ಹಗ್ಗದ ವ್ಯಾಸದ ಆರು ಪಟ್ಟು ಅಂತರವಿರಲಿ. ಕ್ಲಿಪ್ಪಿನ ತಡಿ ಭಾರ ಹೊರುವ ಉದ್ದ ಹಗ್ಗದ ಮೇಲೂ, ‘ಯು’ ಆಕಾರದ ಬೋಲ್ಟು ಮಡಿಸಿದ ಮೊಂಡು ತುದಿಯ ಮೇಲೂ ಬರಬೇಕು. ಮೂರನ್ನೂ ಒಂದೇ ದಿಕ್ಕಿಗೆ ಹಾಕಬೇಕು. ಅಂದಕ್ಕಾಗಿ ಒಂದನ್ನು ಹೀಗೆ ಒಂದನ್ನು ಹಾಗೆ ಹಾಕಿದರೆ ಬೋಲ್ಟು ಭಾರದ ಹಗ್ಗವನ್ನೇ ಕಚ್ಚುತ್ತದೆ. ಮೊದಲ ದಿಮ್ಮಿ ಎಳೆದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ, ಏಕೆಂದರೆ ಭಾರ ಬಿದ್ದ ಹಗ್ಗ ಸಣ್ಣಗಾಗಿರುತ್ತದೆ. ಇಷ್ಟೆಲ್ಲ ಮಾಡಿದರೂ ಕ್ಲಿಪ್ಪಿನ ಜೋಡಣೆ ಹಗ್ಗದ ಬಲದಲ್ಲಿ ನೂರಕ್ಕೆ 80 ಪಾಲು ಮಾತ್ರ ಉಳಿಸಿಕೊಳ್ಳುತ್ತದೆ. ಯಂತ್ರದಲ್ಲಿ ಒತ್ತಿ ಮಾಡಿದ ಕುಣಿಕೆ ಸಿಕ್ಕರೆ ಅದೇ ಮೇಲು. ಇನ್ನು ವಿಂಚಿನ ಹಗ್ಗವನ್ನೇ ದಿಮ್ಮಿಗೆ ಸುತ್ತಿ ಅದಕ್ಕೇ ಕೊಕ್ಕೆ ಹಾಕುವುದು ಕೂಡದು. ದಿಮ್ಮಿಯ ಕೊರಳಿಗೆ ಬೇರೆ ಸರಪಳಿ ಇರಲಿ. ಸರಪಳಿ ಸವೆದರೆ ಅದನ್ನಷ್ಟೇ ಬದಲಿಸಬಹುದು.

ಹಗ್ಗಕ್ಕೆ ಎಣ್ಣೆ ಹಾಕುವವರಲ್ಲಿ ಬಹಳ ಮಂದಿ ಬಳಸುವುದು ಟ್ರ್ಯಾಕ್ಟರಿನಿಂದ ಇಳಿಸಿದ ಹಳೆಯ ಎಂಜಿನ್ ಎಣ್ಣೆಯನ್ನು. ಅದರಲ್ಲಿ ಸವೆದ ಲೋಹದ ಪುಡಿಯೂ ಆಮ್ಲವೂ ಇರುತ್ತವೆ; ರಕ್ಷಣೆಯ ಬದಲು ಸವೆತವಾಗುತ್ತದೆ. ತಂತಿಬ್ರಷ್ಷಿನಿಂದ ಮಣ್ಣು ತೆಗೆದು, ಒಳಗಿಳಿಯುವಂಥ ತೆಳು ಹಗ್ಗದೆಣ್ಣೆಯನ್ನು ಬಟ್ಟೆಯಿಂದ ಸವರಿದರೆ ಸಾಕು. ಮೇಲೆ ಮೆತ್ತಿದ ದಪ್ಪ ಗ್ರೀಸು ಮಣ್ಣನ್ನು ಹಿಡಿಯುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ. ಮಳೆಗಾಲಕ್ಕೆ ಯಂತ್ರವನ್ನು ಕೊಟ್ಟಿಗೆಗೆ ಸೇರಿಸುವ ಮೊದಲು ಹಗ್ಗವನ್ನು ಪೂರ್ತಿ ಬಿಚ್ಚಿ ಒಣಗಿಸಿ ಎಣ್ಣೆ ಕೊಟ್ಟು ಸುತ್ತಿಡಿ.

ಈಗ ಮುಖ್ಯ ಪ್ರಶ್ನೆ: ಯಾವಾಗ ಬಿಸಾಡಬೇಕು? ಒಂದು ಎಳೆ ಹಗ್ಗದ ಸುತ್ತ ಪೂರ್ತಿ ಒಂದು ಸುತ್ತು ಬರುವ ಉದ್ದವನ್ನು ಒಂದು ಹೊಸೆತ ಎನ್ನೋಣ. 12 ಮಿ.ಮೀ. ಹಗ್ಗದಲ್ಲಿ ಅದು ಏಳೆಂಟು ಸೆಂ.ಮೀ. ಇರುತ್ತದೆ. ಯಾವುದೇ ಒಂದು ಹೊಸೆತದೊಳಗೆ ಒಟ್ಟು ಆರು ತಂತಿ ತುಂಡಾಗಿದ್ದರೆ, ಅಥವಾ ಒಂದೇ ಎಳೆಯಲ್ಲಿ ಮೂರು ತುಂಡಾಗಿದ್ದರೆ ಆ ಹಗ್ಗದ ಆಯುಸ್ಸು ಮುಗಿಯಿತು. ಇದು ಭಾರ ಎತ್ತುವ ಯಂತ್ರಗಳ ನಿಯಮ, ಎಳೆಯುವುದಕ್ಕೆ ಇಷ್ಟು ಬಿಗಿ ಬೇಡ ಎನ್ನುವವರಿದ್ದಾರೆ. ಇಳಿಜಾರಿನಲ್ಲಿ ಎಳೆಯುವಾಗಲೂ ಹಗ್ಗದ ಬಳಿ ಮನುಷ್ಯರೇ ಇರುವುದರಿಂದ ನಾನು ಇದನ್ನೇ ಹಿಡಿಯುತ್ತೇನೆ. ಜೊತೆಗೆ ವ್ಯಾಸವನ್ನು ಹೊಸತರಲ್ಲೇ ಅಳೆದು ಬರೆದಿಡಿ. ವರ್ನಿಯರ್ ಕ್ಯಾಲಿಪರಿನ ದವಡೆ ಎಳೆಗಳ ಉಬ್ಬಿನ ಮೇಲೆ ಕೂರಬೇಕು, ತಗ್ಗಿನಲ್ಲಲ್ಲ. ನಾರಿನ ತಿರುಳಿನದು ಹತ್ತರಲ್ಲಿ ಒಂದು ಪಾಲು ಇಳಿದರೆ, ಉಕ್ಕಿನ ತಿರುಳಿನದು ಅದಕ್ಕೂ ಸ್ವಲ್ಪ ಕಡಿಮೆ ಇಳಿದರೂ ಬದಲಿಸಬೇಕು. ಎಳೆಗಳು ಪಂಜರದಂತೆ ಉಬ್ಬಿದ್ದರೆ, ತಿರುಳು ಹೊರಗೆ ಇಣುಕುತ್ತಿದ್ದರೆ ಅಳೆಯುವ ಅಗತ್ಯವೂ ಇಲ್ಲ. ತಂತಿ ತುಂಡಾದದ್ದನ್ನು ಹುಡುಕಲು ಬರಿಗೈ ಸವರಬೇಡಿ. ಬಟ್ಟೆ ಸುತ್ತಿ ಎಳೆದರೆ ತುಂಡಾದ ಕಡೆ ಅದು ಸಿಕ್ಕಿಕೊಳ್ಳುತ್ತದೆ.

ಸವೆತ ಬಹುಪಾಲು ಕೊಕ್ಕೆಯ ಕಡೆಯ ಎರಡು ಮೂರು ಮೀಟರಿನಲ್ಲೇ ಆಗುವುದುಂಟು. ಅಷ್ಟನ್ನು ಕತ್ತರಿಸಿ ಹೊಸ ಕುಣಿಕೆ ಮಾಡಿದರೆ ಉಳಿದ ಹಗ್ಗ ಇನ್ನೊಂದು ಕಾಲ ಬರುತ್ತದೆ. ಕತ್ತರಿಸುವ ಜಾಗದ ಎರಡೂ ಬದಿಗೆ ಮೆತ್ತನೆಯ ತಂತಿಯಿಂದ ಬಿಗಿದು ಕಟ್ಟಿಕೊಳ್ಳುವುದನ್ನು ಮರೆಯಬೇಡಿ, ಇಲ್ಲದಿದ್ದರೆ ತುದಿ ಬಿಚ್ಚಿಕೊಳ್ಳುತ್ತದೆ.

ಸ್ವಂತ ವಿಂಚು ಇಲ್ಲದ ಸಣ್ಣ ಬೆಳೆಗಾರರು ‘ಹಗ್ಗ ಬಾಡಿಗೆಯವರದು, ನಮಗೇನು?’ ಎಂದು ಸುಮ್ಮನಿರುತ್ತಾರೆ. ಹಗ್ಗ ಅವರದಿರಬಹುದು, ತೋಟ ನಿಮ್ಮದು, ಕೊಂಡಿ ಹಾಕಲು ಇಳಿಯುವ ಆಳು ಬಹಳ ಸಲ ನಿಮ್ಮ ಲೈನಿನವನೇ. ಬಾಡಿಗೆ ಗೊತ್ತುಮಾಡುವ ಮೊದಲೇ ಹಗ್ಗವನ್ನು ಬಿಚ್ಚಿಸಿ ನೋಡುವ ಹಕ್ಕು ನಿಮಗಿದೆ. ತೋರಿಸಲು ಒಪ್ಪದವರನ್ನು ಹಾಗೆಯೇ ಕಳುಹಿಸಿ. ಎಳೆಯುವಾಗ, ಬಿಗಿದ ಹಗ್ಗದ ಉದ್ದದಷ್ಟು ದೂರದೊಳಗೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಕಪ್ಪಿ ಹಾಕಿ ಹಗ್ಗವನ್ನು ತಿರುಗಿಸಿದ್ದರೆ ಆ ತಿರುವಿನ ಒಳಮೂಲೆಯಂತೂ ಸಾವಿನ ಜಾಗ. ಕಪ್ಪಿ ಕಟ್ಟಿದ ಮರದ ಮೇಲೆ ಹಗ್ಗದ ಎಳೆತದ ಎರಡು ಪಟ್ಟಿನವರೆಗೂ ಭಾರ ಬೀಳುತ್ತದೆಂಬುದು ನೆನಪಿರಲಿ. ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಕುವ ರೂಢಿ ಕೆಟ್ಟದ್ದಲ್ಲ, ಆದರೆ ಅದನ್ನು ನಂಬಿ ಹತ್ತಿರ ನಿಲ್ಲುವುದು ಬೇಡ.

ಬಿಸಾಡಲು ತೀರ್ಮಾನಿಸಿದ ಹಗ್ಗವನ್ನು ಇಡಿಯಾಗಿ ಗುಜರಿಗೆ ಹಾಕಬೇಡಿ. ಕಟಿಂಗ್ ಬ್ಲೇಡಿನಿಂದ ಒಂದೊಂದು ಮೀಟರಿನ ತುಂಡು ಮಾಡಿಸಿ ತೂಕಕ್ಕೆ ಕೊಡಿ. ಹಾಗೆ ಮಾಡಿದರೆ ಅದು ಮುಂದಿನ ಬೇಸಿಗೆಯಲ್ಲಿ ಪಕ್ಕದೂರಿನ ಯಾವುದೋ ವಿಂಚಿನ ಡ್ರಮ್ಮಿಗೆ ಏರುವುದಿಲ್ಲ.