ಕಪ್ಪು ಬಿಳುಪೆಂದರೆ ಮುಖಕ್ಕೆ ಮಸಿ ಬಳಿಯುವುದಲ್ಲ!



ಕಳೆದ ರಾಜ್ಯೋತ್ಸವದ ಹೊತ್ತಿಗೆ ಒಬ್ಬ ಹುಡುಗ ನನ್ನ ಪ್ರೆಸ್ಸಿಗೆ ಬಂದ. ಬಡಾವಣೆಯ ಸಂಘದ ಸ್ಮರಣ ಸಂಚಿಕೆಗೆ ಒಂದು ಫೋಟೋ ತಂದಿದ್ದ. ನಲವತ್ತು ವರ್ಷ ಕನ್ನಡದ ಮೊಳೆ ಜೋಡಿಸಿ, ಆಗಷ್ಟೇ ತೀರಿಕೊಂಡಿದ್ದ ಹಿರಿಯರೊಬ್ಬರ ಫೋಟೋ. ಬಾಡಿಗೆಗೆ ತಂದ ಮೋನೋಕ್ರೋಮ್ ಕ್ಯಾಮೆರಾದಲ್ಲಿ ತೆಗೆದು, ಪ್ಲಗ್‌ಇನ್ನಿನ ಒಂದು ರೆಡಿಮೇಡ್ 'ಲುಕ್' ಒತ್ತಿದ್ದ. ಪರದೆಯ ಮೇಲೆ ಭರ್ಜರಿಯಾಗಿತ್ತು. ಅವಸರದಲ್ಲಿ ನಾನೂ ಪ್ರೂಫ್ ತೆಗೆಯದೆ ಮೆಷಿನ್ನಿಗೆ ಹಾಕಿದೆ. ನ್ಯೂಸ್‌ಪ್ರಿಂಟ್ ಮೇಲೆ ಬಂದದ್ದೇನು? ಬಿಳಿ ಗಡ್ಡ, ಎರಡು ಕಣ್ಣು, ಉಳಿದದ್ದೆಲ್ಲ ಮಸಿ! ಅವರ ಮಗಳು ಕೇಳಿದಳು: "ಅಣ್ಣಾ, ಅಪ್ಪನ ಮುಖ ಎಲ್ಲಿ?"

ತಪ್ಪಿನಲ್ಲಿ ಅರ್ಧ ನನ್ನದು. ಅದಕ್ಕೇ ಬರೆಯುತ್ತಿದ್ದೇನೆ.

ಮಾಮೂಲಿ ಕ್ಯಾಮೆರಾದ ಸೆನ್ಸರ್ ಮೇಲೆ ಬಣ್ಣದ ಜಾಲರಿ ಇರುತ್ತದೆ. ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಉಪಾಯ. ಮೋನೋಕ್ರೋಮ್ ಕ್ಯಾಮೆರಾದಲ್ಲಿ ಆ ಜಾಲರಿಯೇ ಇಲ್ಲ. 2012ರ ಲೈಕಾ ಎಂ ಮೋನೋಕ್ರೋಮ್ ಹಾಗೇ, 2023ರ ಪೆಂಟಾಕ್ಸ್ ಕೆ-3 ಮಾರ್ಕ್ 3 ಮೋನೋಕ್ರೋಮೂ ಹಾಗೇ. ಬೆಳಕು ಸೋಸದೆ ಬೀಳುತ್ತದೆ, ಚಿತ್ರ ಚೂಪಾಗಿರುತ್ತದೆ. ನಿಜ. ಆದರೆ ಫೈಲಿನಲ್ಲಿ ಬಣ್ಣದ ಲೆಕ್ಕವೇ ಇರುವುದಿಲ್ಲ!

ಕಲರ್ ಫೈಲನ್ನು ಸಿಲ್ವರ್ ಎಫೆಕ್ಸ್‌ನಂಥ ಪ್ಲಗ್‌ಇನ್ನಿಗೆ ಕೊಟ್ಟು ಕಿತ್ತಳೆ ಫಿಲ್ಟರ್ ಒತ್ತಿದರೆ ನಮ್ಮಂಥ ಕಂದು ಮುಖ ತಿಳಿಯಾಗುತ್ತದೆ. ಮೋನೋಕ್ರೋಮ್ ಫೈಲಿಗೆ ಒತ್ತಿದರೆ? ಬೂದಿಗೆ ಯಾವ ಬಣ್ಣ ಬೇರ್ಪಡಿಸುತ್ತೀರಿ? ಹಳದಿಯೋ ಕಿತ್ತಳೆಯೋ, ಆ ಗಾಜನ್ನು ಫೋಟೋ ತೆಗೆಯುವಾಗಲೇ ಲೆನ್ಸಿನ ಮುಂದೆ ಹಾಕಬೇಕು. ಇನ್ನೊಂದು ಮಾತು. ಕಲರ್ ಫೈಲಿನಲ್ಲಿ ಒಂದು ಬಣ್ಣ ಸುಟ್ಟರೂ ಇನ್ನೆರಡರಿಂದ ಅಷ್ಟಿಷ್ಟು ಉಳಿಸಬಹುದು. ಇಲ್ಲಿ ಬಿಳಿ ಸುಟ್ಟರೆ ಸುಟ್ಟಂತೆಯೇ. ಬೆಳಕಿಗೆ ತಕ್ಕಂತೆ ತೆಗೆಯಿರಿ, ನೆರಳನ್ನು ಆಮೇಲೆ ಮೇಲೆತ್ತಬಹುದು.

ಇನ್ನು ಅಚ್ಚಿನ ವಿಷಯ. ಪ್ಲಗ್‌ಇನ್ನಿಗಾಗಿ 16 ಬಿಟ್ಟಿನ ಆರ್‌ಜಿಬಿ ಟಿಫ್ ಮಾಡಿಕೊಂಡಿದ್ದರೆ, ಪ್ರೆಸ್ಸಿಗೆ ಕೊಡುವ ಮುಂಚೆ ಮತ್ತೆ ಗ್ರೇಸ್ಕೇಲ್ ಮಾಡಿ. ಇಲ್ಲವಾದರೆ ಒಂದು ಕಪ್ಪು ನಾಲ್ಕು ಪ್ಲೇಟಿಗೆ ಹಂಚಿಹೋಗುತ್ತದೆ. ನ್ಯೂಸ್‌ಪ್ರಿಂಟ್ ಇಂಕು ಕುಡಿಯುತ್ತದೆ. ಫೈಲಿನಲ್ಲಿ ಶೇಕಡ 50ರಷ್ಟಿದ್ದ ಕಪ್ಪು ಕಾಗದದ ಮೇಲೆ 75ರ ಆಸುಪಾಸಿಗೆ ಹೋಗುತ್ತದೆ. ಹಾಗಿರುವಾಗ ಮೊದಲೇ 80ಕ್ಕೆ ಇಳಿಸಿದ ಮುಖ ಎಲ್ಲಿ ಉಳಿದೀತು?

"ಈಗ ಅಚ್ಚು ಯಾರು ನೋಡ್ತಾರೆ ಸಾರ್, ಫೋನಲ್ಲಿ ಚೆನ್ನಾಗಿದ್ರೆ ಸಾಕು" ಅನ್ನುವವರಿದ್ದಾರೆ. ಸ್ವಾಮಿ, ಗೋಡೆಯ ಮೇಲೆ ಹಾರ ಹಾಕುವುದು ಫೋನಿಗಲ್ಲ, ಕಾಗದಕ್ಕೆ!

ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ ಇಲ್ಲವೆಂದು ಕೊರಗಬೇಡಿ. ಕಲಿಯುವವನಿಗೆ ಕಲರ್ ಕ್ಯಾಮೆರಾ, ಕಲರ್ ಫೈಲೇ ಮೇಲು. ತಿದ್ದಿಕೊಳ್ಳಲು ದಾರಿ ಇರುತ್ತದೆ. ಟಿ.ಎಸ್. ಸತ್ಯನ್, ವಿ.ಕೆ. ಮೂರ್ತಿ, ಇಬ್ಬರೂ 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಒಬ್ಬರು ಪತ್ರಿಕೆಗೆ, ಇನ್ನೊಬ್ಬರು 1959ರ 'ಕಾಗಜ್ ಕೆ ಫೂಲ್'ನಂಥ ಸಿನಿಮಾಕ್ಕೆ ಬೆಳಕು ಹಿಡಿದುಕೊಟ್ಟರು. ಅವರಿಗೆ ಯಾವ ರೆಡಿಮೇಡ್ ಲುಕ್ ಇತ್ತು? ಇದ್ದದ್ದು ಕಣ್ಣು. ಆ ಕಣ್ಣು ನಿಮಗೂ ಬರಬೇಕು. ಕಲಿತದ್ದನ್ನು ಪಕ್ಕದ ಹುಡುಗನಿಗೆ ಕನ್ನಡದಲ್ಲೇ ಹೇಳಿಕೊಡಿ.

ಪುಣ್ಯಕ್ಕೆ ಆ ಹುಡುಗ ಮೂಲ ಫೈಲನ್ನು ಅಳಿಸಿರಲಿಲ್ಲ. ಇಬ್ಬರೂ ಒಂದು ರಾತ್ರಿ ಕೂತೆವು. ಲುಕ್ ಕಿತ್ತು ಹಾಕಿ, ನೆರಳು ಎತ್ತಿದೆವು. ಕೆನ್ನೆಯ ಸುಕ್ಕು ಬಂತು, ತುಟಿಯ ನಗು ಬಂತು. ಆ ಪುಟವನ್ನು ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿದೆ. ಒಂದು ಪ್ರತಿಯನ್ನು ಮಗಳ ಕೈಗೆ ಕೊಟ್ಟಾಗ ಆಕೆ ಏನೂ ಮಾತಾಡಲಿಲ್ಲ, ಸೆರಗಿನಿಂದ ಒಮ್ಮೆ ಒರೆಸಿ ಎದೆಗವುಚಿಕೊಂಡಳು.

ಯುವಕರೇ, ನಮ್ಮ ಜನ ಕಪ್ಪಗಿದ್ದಾರೆ, ಕಂದಾಗಿದ್ದಾರೆ. ಆ ಬಣ್ಣದೊಳಗೂ ನೂರು ಛಾಯೆಗಳಿವೆ. ಒಂದು ಗುಂಡಿ ಒತ್ತಿ ಅದನ್ನು ಮಸಿ ಮಾಡಬೇಡಿ. ಮೂಲ ಫೈಲ್ ಉಳಿಸಿ, ಪ್ರೂಫ್ ನೋಡಿ, ಮುಖ ಉಳಿಸಿ!